ಗೇಣಿಯ ಮಟ್ಟು

ಊರಿಗೊಬ್ಬ ಅಣಕುಹಾಡಿನವ ಇರಲೇಬೇಕು ಎಂಬುದು ನನ್ನ ವಾದ. ಊರಲ್ಲಿ ದೊಡ್ಡ ಡಾಕ್ಟರಿಲ್ಲದಿದ್ದರೆ ಮಣಿಪಾಲಕ್ಕಾದರೂ ಓಡಬಹುದು; ಈತ ಇಲ್ಲದಿದ್ದರೆ ಎಲ್ಲಿಗೆ ಓಡುವುದು? ನಮ್ಮ ಕರಾವಳಿಯಲ್ಲಿ ಈತ ಹಗಲು ವಿಮೆ ಏಜೆಂಟನೋ, ಕಿರಾಣಿ ಅಂಗಡಿಯವನೋ, ಮಾಸ್ತರನೋ ಆಗಿರುತ್ತಾನೆ. ಗಣಪತಿ ಪೆಂಡಾಲು, ಶಾಲೆಯ ಗ್ಯಾದರಿಂಗು, ಮದುವೆಮನೆಯ ಸಂಜೆ, ಹೀಗೆ ಮೈಕು ಕಂಡಲ್ಲೆಲ್ಲ ಕಲಾವಿದ. ಗುರುವಿಲ್ಲ, ಮೇಳವಿಲ್ಲ, ಬೆನ್ನಿಗೆ ಕ್ಯಾಸೆಟ್ ಕಂಪನಿಯಿಲ್ಲ. ಕಂಠವೂ ಅಷ್ಟಕ್ಕಷ್ಟೇ. ಕಂಠ ತೀರಾ ಚೆನ್ನಾಗಿದ್ದರೆ ಜನ ಹಾಡು ಕೇಳುತ್ತ ಕೂತು ನಗುವುದನ್ನೇ ಮರೆಯುತ್ತಾರೆ.

ಕುಮಟೆಯಿಂದ ಭಟ್ಕಳಕ್ಕೆ ಬಸ್ಸಿನಲ್ಲಿ ಒಂದೂವರೆ ತಾಸು. ಅಷ್ಟರಲ್ಲಿ ಅವನು ತನ್ನ ಸಾಹಿತ್ಯವನ್ನು ಮತ್ತೆ ಮತ್ತೆ ತಿದ್ದಬೇಕು. ಕುಮಟೆಯಲ್ಲಿ ಹೆದ್ದಾರಿ ಬದಿ ಹೆಣೆದು ನೇತುಹಾಕುವ ಸಿಹಿ ಈರುಳ್ಳಿಯ ದರ ಹಾಡಿದರೆ ಸಾಕು, ಸಭೆ ಅವನದು. ಹೊನ್ನಾವರಕ್ಕೆ ಬಂದರೆ ಬಂಗಡೆ ಬೇಕು, ಶರಾವತಿ ಸೇತುವೆ ಬೇಕು. ಅದೇ ಬಂಗಡೆ ಹಾಡನ್ನು ಹೊಳೆಸಾಲಿನ ಹವ್ಯಕರ ಮನೆಯ ಉಪನಯನದಲ್ಲಿ ಎತ್ತಿಕೊಂಡನೋ, ಹೋಳಿಗೆ ಬಡಿಸುವ ಕೈ ಅಲ್ಲೇ ನಿಲ್ಲುತ್ತದೆ. ಅಲ್ಲಿ ನಡೆಯುವುದು ಅಡಿಕೆಯ ಕೊಳೆರೋಗ, ಅಪ್ಪೆಮಿಡಿ, ಹೆಣ್ಣು ಸಿಗದ ಮಾಣಿಯ ಗೋಳು. ಭಟ್ಕಳದಲ್ಲಿ ಮಲ್ಲಿಗೆ, ಬಿರಿಯಾನಿ, ದುಬೈಯಿಂದ ಇಳಿಯುವ ಅಣ್ಣನ ಸೂಟ್‌ಕೇಸು. ನಡುವೆ ಒಂದೆರಡು ನವಾಯತಿ ಮಾತು ಉದುರಿಸಿದರೆ ಹಿಂದಿನ ಸಾಲಿನವರೂ ಕುರ್ಚಿ ಮುಂದಕ್ಕೆಳೆಯುತ್ತಾರೆ. ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿಯುವುದು ಮಟ್ಟು ಮಾತ್ರ. ಅದು ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡಿನದು.

ಎಲ್ಲರಿಗೂ ಗೊತ್ತಿರುವುದು ಎಂದೆನಲ್ಲ, ತೊಡಕು ಇರುವುದೇ ಅಲ್ಲಿ. ನನ್ನ ಅತ್ತೆಯೊಬ್ಬರು ಸಿನಿಮಾ ನೋಡಿದವರಲ್ಲ. ಭಜನೆಯನ್ನು ಮಾತ್ರ ತಪ್ಪಿಸಿದವರಲ್ಲ. ಒಂದು ಮದುವೆಮನೆಯಲ್ಲಿ ಅಣಕುಹಾಡು ಮುಗಿದು ಜನ ಇನ್ನೂ ಹೊಟ್ಟೆ ಹಿಡಿದುಕೊಂಡಿರುವಾಗ ಅವರು ಹಾಡಿದವನನ್ನು ಹತ್ತಿರ ಕರೆದರು. "ತಮಾ, ದೇವ್ರ ಹಾಡನ್ನ ಹೀಂಗೆಲ್ಲ ಮಾಡ್ಲಾಗ" ಎಂದು ಬುದ್ಧಿ ಹೇಳಿದರು. ಆ ಮಟ್ಟು ಮೂಲದಲ್ಲಿ ಒಂದು ಕ್ಯಾಬರೆ ನೃತ್ಯದ್ದು. ಭಜನಾ ಮಂಡಳಿಯವರು ಅದಕ್ಕೆ ಗಣಪತಿಯನ್ನು ಕೂರಿಸಿದ್ದರು, ಅತ್ತೆಗೆ ಗೊತ್ತಿದ್ದದ್ದು ಆ ಗಣಪತಿ ಮಾತ್ರ. ಕ್ಯಾಬರೆಗೆ ದೇವರನ್ನು ತಂದವರಿಗೆ ತೆಂಗಿನಕಾಯಿ ಪ್ರಸಾದ, ಈರುಳ್ಳಿ ತಂದವನಿಗೆ ಬೈಗುಳ. ಮಾಡಿದ ಕೆಲಸ ಇಬ್ಬರದೂ ಒಂದೇ. ಅವನು ಪಾಪ, ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದ.

ಮಟ್ಟನ್ನು ಹೀಗೆ ಸಾರ್ವಜನಿಕ ಬಾವಿಯಂತೆ ಬಳಸುವುದು ನಮ್ಮಲ್ಲಿ ಹೊಸತಲ್ಲ. ಯಕ್ಷಗಾನದ ಪ್ರಸಂಗಕರ್ತರು ಇದ್ದ ಮಟ್ಟುಗಳಲ್ಲೇ ಹೊಸ ಪದ್ಯ ಕೂರಿಸಿದವರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಈ ಹೊನ್ನಾವರ ಸೀಮೆಯಲ್ಲಿ, ರಾಜನ ಗ್ರಾಂಥಿಕ ಮಾತಿನ ಎದುರು ಮನೆಮಾತಿನಲ್ಲಿ ಉತ್ತರ ಕೊಡುವ ಹಾಸ್ಯಗಾರನಿಗಾಗಿಯೇ ನಿದ್ದೆಗೆಟ್ಟವರು ಎಷ್ಟೋ ಮಂದಿ. ದೂತನ ವೇಷದಲ್ಲಿ ಬಂದವನು ನಡುವೆ ಒಂದು ಸಿನಿಮಾ ಧಾಟಿ ಗುನುಗಿದರೆ ಬಲ್ಲವರು ಹುಬ್ಬು ಗಂಟಿಕ್ಕುತ್ತಾರೆ, ಉಳಿದವರು ಶಿಳ್ಳೆ ಹೊಡೆಯುತ್ತಾರೆ. ನಾನು ಹುಬ್ಬು ಗಂಟಿಕ್ಕಿಕೊಂಡೇ ಶಿಳ್ಳೆ ಹೊಡೆಯುವ ಪೈಕಿ. ಇನ್ನು ಹೋಳಿಯ ಹೊತ್ತಿಗೆ ಹಾಲಕ್ಕಿಗಳ ಗುಮಟೆ, ಸುಗ್ಗಿ ಕುಣಿತ, ಅದರ ಜೊತೆಗೆ ಹಗರಣ. ಊರು ಕಂಡ ಸಾಹೇಬ, ಪೊಲೀಸ, ಡಾಕ್ಟರ ಎಲ್ಲರೂ ಅಲ್ಲಿ ವೇಷವಾಗಿ ಬರುತ್ತಾರೆ. ಅಣಕಕ್ಕೆ ಒಳಗಾಗದ ದೊಡ್ಡಸ್ತಿಕೆಯನ್ನು ನಮ್ಮ ಜನ ಪೂರ್ತಿ ಒಪ್ಪಿಕೊಂಡಂತಿಲ್ಲ.

ಅಮೆರಿಕದ 'ವಿಯರ್ಡ್ ಅಲ್' ಯಾಂಕೊವಿಕ್ ಅಕಾರ್ಡಿಯನ್ ಹಿಡಿದು 1970ರ ದಶಕದಿಂದ ಅಣಕುಹಾಡನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದವನು. ಅಣಕಿಸುವ ಮೊದಲು ಮೂಲ ಹಾಡಿನವರ ಅನುಮತಿ ಕೇಳುವುದು ಅವನ ರೂಢಿ. ನಮ್ಮವನು ಯಾರನ್ನು ಕೇಳಬೇಕು? ಕನ್ನಡದವರು ಮಟ್ಟನ್ನು ಹಿಂದಿಯಿಂದ ಎತ್ತಿದ್ದರೆ, ಹಿಂದಿಯವರು ಇನ್ನೆಲ್ಲಿಂದಲೋ.

ಹೀಗೆ ನೋಡಿದರೆ ಅಣಕುಹಾಡಿನವ ಪರರ ಮಟ್ಟಿನಲ್ಲಿ ಉಳುವ ಗೇಣಿದಾರ. ಗೇಣಿ ಎಂದ ಮೇಲೆ ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರನ್ನು ದಾಟಿ ಮುಂದೆ ಹೋಗಲಾಗದು. ಗೇಣಿ ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು; 1967ರಲ್ಲಿ ಇದೇ ಜಿಲ್ಲೆ ಅವರನ್ನು ಲೋಕಸಭೆಗೆ ಕಳಿಸಿತು. ನಾಲ್ಕು ಸಾಲಿನ ಚುಟುಕದಲ್ಲಿ ಮಂತ್ರಿ, ಸಾಹುಕಾರ ಯಾರನ್ನೂ ಬಿಡದ ಅವರಿಗೆ ಎರವಲು ಮಟ್ಟು ಬೇಕಾಗಲಿಲ್ಲ. ಅವರ ಹಾಸ್ಯಕ್ಕೆ ಸ್ವಂತ ಜಮೀನಿತ್ತು. ಅಣಕುಹಾಡಿಗೆ ಅದಿಲ್ಲ. ಮೂಲ ಹಾಡನ್ನು ಜನ ಮರೆತರೆ ಅದೂ ಹೋಯಿತು.

ಆದರೆ ಗೇಣಿದಾರ ಒಡೆಯನಾದ ಉದಾಹರಣೆಯೂ ಕನ್ನಡದಲ್ಲಿದೆ. ಟಿ. ಪಿ. ಕೈಲಾಸಂ (1884–1946) ಲಂಡನ್ನಿಗೆ ಹೋದದ್ದು ಭೂಗರ್ಭಶಾಸ್ತ್ರ ಓದಲು. ಕಲ್ಲಿನ ವಿದ್ಯೆಯ ಜೊತೆಗೆ ಅಲ್ಲಿನ ಮ್ಯೂಸಿಕ್ ಹಾಲುಗಳ ಹಾಡೂ ಅವರ ತಲೆ ಹೊಕ್ಕು ಬಂತು. ಕಾನ್‌ಸ್ಟಾಂಟಿನೋಪಲ್ ಎಂಬ ಉದ್ದ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುವ ಒಂದು ಇಂಗ್ಲಿಷ್ ತಮಾಷೆ ಹಾಡು 'ಕೋಳೀಕೆ ರಂಗ'ನಾಯಿತು. ಇಂಗ್ಲಿಷಿನವರು ಎ, ಬಿ, ಸಿ ಎಂದು ಬಿಡಿಸಿದಲ್ಲಿ ನಮ್ಮ ರಂಗ ಕೊತ್ವ, ಗುಡಿಸು, ಸೊನ್ನೆ ಎಂದು ಕಾಗುಣಿತವನ್ನೇ ಕುಣಿಸಿದ. ಜಾಕ್ ಜಡ್ಜ್ 1912ರಲ್ಲಿ ಹಾಡಿ, ಮೊದಲ ಮಹಾಯುದ್ಧದ ಸೈನಿಕರು ಬಾಯಿಪಾಠ ಮಾಡಿಕೊಂಡ ಟಿಪ್ಪರರಿಯ ಹಾಡಿನಿಂದ ತಿಪ್ಪಾರಳ್ಳಿ ಹುಟ್ಟಿತು. ಈಗ ಗ್ಯಾದರಿಂಗಿನಲ್ಲಿ ಕೋಳೀಕೆ ರಂಗ ಹಾಡುವ ಹುಡುಗನಿಗೆ ಮೂಲದ ಗಂಧವಿಲ್ಲ, ಕೇಳುವವರಿಗೂ ಇಲ್ಲ. ಆದರೂ ನಗು ಬರುತ್ತದೆ. ನೆಲ ಯಾರದ್ದಾಗಿತ್ತು ಎಂದು ಯಾರೂ ವಿಚಾರಿಸುವುದಿಲ್ಲ.

ನಮ್ಮ ಊರಿನವನಿಗೆ ಅಂಥ ಯೋಗವಿಲ್ಲ. ಅವನ ಹಾಡು ಗಣಪತಿಯ ಜೊತೆಗೇ ನೀರಿಗೆ ಹೋಗುತ್ತದೆ. ಈಚೆಗಂತೂ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಹಾಡು ಇರುವುದರಿಂದ ಎಲ್ಲರೂ ಬಲ್ಲ ಮಟ್ಟು ಹುಡುಕುವುದೇ ಅವನಿಗೆ ಕಷ್ಟ. ಕೊನೆಗೆ ಅವನು ಹೋಗಿ ನಿಲ್ಲುವುದು 2006ರ 'ಮುಂಗಾರು ಮಳೆ' ಸಿನಿಮಾದ ಹತ್ತಿರವೇ. ಅದಕ್ಕೆ ಹಾಡು ಬರೆದ ಜಯಂತ ಕಾಯ್ಕಿಣಿಯವರು ಗೋಕರ್ಣದವರು, ಅಂದರೆ ಕುಮಟಾ ತಾಲೂಕಿನವರೇ. ಸ್ವಂತ ಊರಿನ ಹಾಡನ್ನು ಕೆಡಿಸುವ ಹಕ್ಕು ತನಗೆ ಹೆಚ್ಚು ಎಂದು ಇವನ ನಂಬಿಕೆ. ಈಗಿನ ಸಿನಿಮಾದಲ್ಲಿ ಸಾಮಾನ್ಯವಾಗಿ ಮೊದಲು ರಾಗ ಹುಟ್ಟುತ್ತದೆ, ಮಾತು ಆಮೇಲೆ ಬಂದು ಕೂರುತ್ತದೆ. ಆದ್ದರಿಂದ ಕವಿಗೂ ತನಗೂ ಕಸುಬು ಒಂದೇ ಎನ್ನುತ್ತಾನೆ. ಎದೆ ಉಬ್ಬಿಸಿಯೇ ಹೇಳುತ್ತಾನೆ. ಆ ಸಿನಿಮಾಕ್ಕೆ ಸಂಗೀತ ಕೊಟ್ಟ ಮನೋಮೂರ್ತಿಯವರ ಮಟ್ಟಿನಲ್ಲಿ ಕಾಯ್ಕಿಣಿ ಪ್ರೀತಿ ತುಂಬಿದರು. ಇವನು ಅದೇ ಮಟ್ಟಿನಲ್ಲಿ ಹೆದ್ದಾರಿಯ ಹೊಂಡ ತುಂಬಿದ. ಗುತ್ತಿಗೆದಾರ ಇನ್ನೂ ತುಂಬಿಲ್ಲ.