ಕೊಡಲಿ ನನ್ನದು, ಗೆರೆ ಅಪ್ಪನದು

ಸೌದೆ ಒಡೆಯೋದು ಏನು ಮಹಾ ಅಂದುಕೊಂಡಿದ್ದೆ. ಜಿಮ್‌ನಲ್ಲಿ 80 ಕೆಜಿ ಡೆಡ್‌ಲಿಫ್ಟ್ ಮಾಡೋನಿಗೆ ಇದೊಂದು ಲೆಕ್ಕವೇ ಅಂತ. ಆ ಜಂಬ ಇಳಿಯೋಕೆ ಹತ್ತು ನಿಮಿಷ ಸಾಕಾಯ್ತು.

ಸಾಗರದ ಹತ್ತಿರ ನಮ್ಮೂರು. ಕಳೆದ ಮಳೆಗಾಲದ ಗಾಳಿಗೆ ಹಿತ್ತಿಲಿನ ಅಪ್ಪೆಮಿಡಿ ಮರ ಬುಡಸಮೇತ ಬಿತ್ತು. ಪ್ರತಿವರ್ಷ ನಮ್ಮನೆ ಉಪ್ಪಿನಕಾಯಿ ಭರಣಿ ತುಂಬುತ್ತಿದ್ದದ್ದು ಅದೇ ಮರದ ಮಿಡಿಯಿಂದ. ಅಮ್ಮ ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. ಜನವರಿಯಲ್ಲಿ ಮಿಷನ್ ಗರಗಸದವರು ಬಂದು ಒಂದೂವರೆ ಅಡಿ ಉದ್ದಕ್ಕೆ ತುಂಡು ಹಾಕಿ ಹೋದರು. ಕೊಂಬೆಯ ತುಂಡುಗಳೇನೋ ಸುಲಭ. ಬುಡದ 12 ಕೊರಡುಗಳು ಮಾತ್ರ, ಒಂದೊಂದೂ ಎರಡಡಿ ಅಗಲ, ಯಾರೂ ಮುಟ್ಟದೆ ಹಾಗೇ ಬಿದ್ದಿದ್ದವು.

ನಮ್ಮ ಬಚ್ಚಲೊಲೆಗೆ ವರ್ಷದ ಸೌದೆ ಒಡೆಯೋದು ಅಪ್ಪನ ಕೆಲಸ. ಆದರೆ ನವೆಂಬರ್‌ನಲ್ಲಿ ಅಪ್ಪನಿಗೆ ಸ್ಟೆಂಟ್ ಹಾಕಿದ್ರು. ಭಾರ ಎತ್ತೋ ಹಾಗಿಲ್ಲ, ಕೊಡಲಿ ಮುಟ್ಟೋ ಹಾಗಿಲ್ಲ ಅಂತ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ಕೂಲಿಗೆ ಜನ ಸಿಗಲಿಲ್ಲ. ಗೀಸರ್ ಹಾಕಿಸೋಣ ಅಂದ್ರೆ, ಮಳೆಗಾಲದಲ್ಲಿ ಕರೆಂಟ್ ಹೋದರೆ ಬರೋದು ಯಾವಾಗಲೋ. ಜೂನ್‌ನಲ್ಲಿ ಮಳೆ ಹಿಡಿಯೋದ್ರೊಳಗೆ ಸೌದೆ ಒಣಗಿ ಕೊಟ್ಟಿಗೆ ಸೇರಬೇಕು. ಇಡೀ ಕೊರಡು ಸಿಪ್ಪೆಯೊಳಗೆ ನೀರು ಹಿಡಿದುಕೊಂಡೇ ಇರುತ್ತೆ, ಸೀಳಿದರೆ ಮಾತ್ರ ಬೇಗ ಒಣಗೋದು. ಹಾಗಾಗಿ ಫೆಬ್ರವರಿಯಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೋದೆ.

ಮೊದಲನೇ ಕೊರಡನ್ನು ತಬ್ಬಿಕೊಂಡು ಎತ್ತೋಕೆ ನೋಡಿದೆ. ಅಲ್ಲಾಡಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಸುಮಾರು 133 ಲೀಟರ್‌ನಷ್ಟು ಗಾತ್ರ, ಅದೂ ಪೂರ್ತಿ ಒಣಗದ ಹಸಿ ಮರ. 100 ಕೆಜಿಗೆ ಮೋಸ ಇಲ್ಲ.

ಜಗಲಿ ಮೇಲೆ ಕೂತಿದ್ದ ಅಪ್ಪ, "ಎತ್ತಬೇಡ ಕಣೋ, ಉರುಳಿಸು. ಅದು ದುಂಡಗಿರೋದೇ ಅದಕ್ಕೆ" ಅಂದ. ಹಾರೆ ತಗೊಂಡು, ಕೆಳಗೊಂದು ಕಲ್ಲು ಕೊಟ್ಟು ಮೀಟಿದೆ. ಮಗುವಿನ ಹಾಗೆ ಉರುಳಿಕೊಂಡು ಬಂತು.

ಅಲ್ಲಿಗೆ ನನ್ನ ಗೆಲುವು ಮುಗೀತು. ಕೊರಡಿನ ಸರಿಯಾಗಿ ನಡುಮಧ್ಯಕ್ಕೆ ಬೀಸಿ ಹೊಡೆದರೆ ಕೊಡಲಿ ಪುಟಿದು ವಾಪಸ್ ಬರುತ್ತಿತ್ತು, ಇಲ್ಲವೇ ಕಚ್ಚಿಕೊಂಡು ಬಿಡುತ್ತಿತ್ತು. ಅಪ್ಪ ಜಗಲಿಯಿಂದಲೇ "ಅಲ್ಲಲ್ಲ, ಈ ಕಡೆ", "ಕಾಲು ಅಗಲ ಮಾಡು" ಅಂತ ಕೂಗುತ್ತಲೇ ಇದ್ದ. ನನಗೆ ರೇಗಿಹೋಯ್ತು. "ಅಪ್ಪಾ, ನೀನು ಒಳಗೆ ಹೋಗಿ ರೆಸ್ಟ್ ತಗೋ. ನಾನು ನೋಡ್ಕೋತೀನಿ" ಅಂದೆ. ಅಪ್ಪ ಒಂದು ಮಾತೂ ಆಡದೆ ಎದ್ದು ಹೋದ. ಸಂಜೆ ಹೊತ್ತಿಗೆ ಒಡೆದದ್ದು ಅರ್ಧ ಕೊರಡು, ಅಂಗೈ ತುಂಬ ಬೊಬ್ಬೆ.

ಮರುದಿನ ಬೆಳಗ್ಗೆ ಆರಕ್ಕೆ ಹಿತ್ತಿಲಿನಿಂದ ಠಕ್ ಠಕ್ ಸದ್ದು. ಎದೆ ಧಸಕ್ಕೆಂದಿತು. ಚಪ್ಪಲಿ ಕೂಡ ಹಾಕದೆ ಓಡಿದೆ. ಅಪ್ಪನ ಕೈಯಲ್ಲಿ ಕೊಡಲಿ!

"ಹುಚ್ಚಾ ನಿಂಗೆ? ಸ್ಟೆಂಟ್ ಹಾಕಿ ಇನ್ನೂ ಮೂರು ತಿಂಗಳಾಗಿಲ್ಲ!" ಅಂತ ಕಿರುಚಿದೆ. ಅಪ್ಪನ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು.

ಅಪ್ಪ ನಿಧಾನಕ್ಕೆ ಕೊಡಲಿ ಕೆಳಗಿಟ್ಟ. ಇನ್ನೊಂದು ಕೈಯಲ್ಲಿ ಒಂದು ತುಂಡು ಇದ್ದಿಲು. ಆಗ ಕೊರಡುಗಳನ್ನು ನೋಡಿದೆ. ಒಂದೊಂದರ ಮೇಲೂ ಕಪ್ಪು ಗೆರೆಗಳು. ಕೊಡಲಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಒಳಗೆ ಟೊಳ್ಳಿದೆಯಾ ಅಂತ ಸದ್ದು ಕೇಳಿ, ಬಿರುಕು ಹುಡುಕಿ, ನಾನು ಎಲ್ಲಿ ಹೊಡೀಬೇಕು ಅಂತ ಗೆರೆ ಎಳೆದಿಟ್ಟಿದ್ದ. ಗಂಟಿರೋ ಕಡೆಯೆಲ್ಲ ಅಡ್ಡಗೀಟು.

"ಹೊಡಿಯೋಕಂತೂ ಬಿಡಲ್ಲ. ನೋಡೋಕೂ ಬಿಡಲ್ವೇನೋ?" ಅಂದ.

ನನಗೆ ಉತ್ತರ ಹೊಳೆಯಲಿಲ್ಲ. ಹೋಗಿ ಜಗಲಿಯಿಂದ ಕುರ್ಚಿ ತಂದು ಕೊರಡಿನ ಹತ್ತಿರವೇ ಹಾಕಿದೆ.

ಆಮೇಲೆ ಕೆಲಸ ಸಾಗಿತು. ದೊಡ್ಡ ಕೊರಡನ್ನು ಒಂದೇ ಏಟಿಗೆ ಎರಡು ಭಾಗ ಮಾಡೋಕೆ ಹೋಗಲೇಬಾರದು. ಅಂಚಿನಿಂದ ಮೂರ್ನಾಲ್ಕು ಇಂಚು ಬಿಟ್ಟು ಹೊಡೆದರೆ ಹಲಗೆ ಎದ್ದ ಹಾಗೆ ಚೂರು ಎದ್ದು ಬರುತ್ತೆ. ಸುತ್ತಲೂ ಹೀಗೇ ಬಿಡಿಸುತ್ತ ಹೋದರೆ ನಡುವಿನದು ತಾನಾಗಿ ಚಿಕ್ಕದಾಗುತ್ತೆ. ಒಣಗುವಾಗ ಮರ ತಿರುಳಿನಿಂದ ಹೊರಕ್ಕೆ ಬಿರಿದಿರುತ್ತೆ. ಆ ಬಿರುಕಿನ ಮೇಲೆ ಹೊಡೆದರೆ ಅರ್ಧ ಕೆಲಸ ಮರವೇ ಮಾಡಿಕೊಟ್ಟಿರುತ್ತೆ. ಮೊಂಡು ಕೊರಡಿಗೆ ಕಬ್ಬಿಣದ ಬೆಣೆ. ಅದೂ ಎರಡಿರಬೇಕು, ಒಂದು ಸಿಕ್ಕಿಕೊಂಡರೆ ಬಿಡಿಸೋಕೆ ಇನ್ನೊಂದು. ಕೊರಡಿಗೆ ಹಳೇ ಟೈರ್ ತೊಡಿಸಿದರೆ ಸೀಳುಗಳು ಸಿಡಿಯಲ್ಲ, ಬಗ್ಗಿ ಬಗ್ಗಿ ಎತ್ತಿಡೋ ಕಷ್ಟವೂ ಇಲ್ಲ. ಏಟು ಬೀಳೋ ಹೊತ್ತಿಗೆ ಮೊಣಕಾಲು ಬಗ್ಗಿಸಬೇಕು, ಗುರಿ ತಪ್ಪಿದರೆ ಕೊಡಲಿ ನೆಲಕ್ಕೆ ಹೋಗುತ್ತೆ, ಕಾಲಿಗಲ್ಲ. ಬೆಣೆ ಹೊಡೆಯುವಾಗ ಕಬ್ಬಿಣದ ಚೂರು ಕಣ್ಣಿಗೆ ಸಿಡಿಯಬಹುದು ಅಂತ ಅಪ್ಪ ಎಚ್ಚರಿಸಿದ. ಮನೇಲಿ ಇದ್ದದ್ದು ಬೈಕ್ ಹೆಲ್ಮೆಟ್. ಅದನ್ನೇ ಹಾಕಿಕೊಂಡು ಗ್ಲಾಸ್ ಇಳಿಸಿದೆ. ಮರ ಬಿದ್ದ ಮೇಲೆ ಅಮ್ಮ ಹಿತ್ತಿಲಲ್ಲಿ ನಿಂತು ನಕ್ಕಿದ್ದು ಅವತ್ತೇ ಇರಬೇಕು.

ಆರನೇ ದಿನಕ್ಕೆ 11 ಕೊರಡು ಮುಗಿದವು. ಹನ್ನೆರಡನೆಯದರ ಮೇಲೆ ಗೆರೆಯೇ ಇರಲಿಲ್ಲ, ಬರೀ ಅಡ್ಡಗೀಟು. "ಮೈಯೆಲ್ಲ ಗಂಟು, ಇದನ್ನ ಬಿಟ್ಟುಬಿಡು. ಎಲ್ಲವನ್ನೂ ಒಡೀಲೇಬೇಕು ಅಂತೇನಿಲ್ಲ" ಅಂದ ಅಪ್ಪ. ಈಗ ಅದು ಹಿತ್ತಿಲ ಬಾಗಿಲಲ್ಲಿದೆ. ಸಂಜೆ ಹೊತ್ತು ಅಪ್ಪ ಕೂರೋದು ಅದರ ಮೇಲೆಯೇ.

ಮೊನ್ನೆ ಜೋರು ಮಳೆಯಲ್ಲಿ ಅಪ್ಪನ ಫೋನ್ ಬಂತು. "ನಿನ್ನ ಸೌದೆ ಹೊಗೆ ಇಲ್ಲದೆ ಉರೀತಿದೆ ಕಣೋ."

"ಮುಂದಿನ ವರ್ಷದ್ದಕ್ಕೂ ಗೆರೆ ಎಳೆದಿಡು, ಬರ್ತೀನಿ" ಅಂದೆ.

ಅಪ್ಪ ನಕ್ಕ. ಹಿಂದುಗಡೆ ಅಮ್ಮ, "ನೀರು ಕಾದಿದೆ, ಸ್ನಾನಕ್ಕೆ ಬನ್ನಿ" ಅಂತ ಕರೆಯೋದು ಕೇಳಿಸಿತು.