ಕ್ರಾಸಿಂಗ್ ಐತ್ರೀ

ಸಣ್ಣ ಸ್ಟೇಷನ್‌ದಾಗ ಗಾಡಿ ಸುಮ್ಮನ ನಿಂತುಬಿಟ್ರ ನಾವು ಹೆಣ್ಮಕ್ಕಳು ಮೊದಲ ಬೈಯೋದು ಸ್ಟೇಷನ್ ಮಾಸ್ತರಗ. ಯಾರರ ಒಬ್ರು "ಕ್ರಾಸಿಂಗ್ ಐತ್ರೀ" ಅಂತಾರ, ಅಲ್ಲಿಗೆ ಮಾತು ಮುಗೀತು. ಹಂಗಂದ್ರ ಒಳಗ ಏನ ನಡೀತೈತಿ ಅಂತ ಎದುರುಮನಿ ಅಕ್ಕಾರು ಕೇಳಿದ್ರು. ನಮ್ಮಪ್ಪ ಮೀಟರ್ ಗೇಜ್ ಕಾಲದಾಗ ಕ್ಯಾಬಿನ್ನಿನ್ಯಾಗ ಲಿವರ್ ಎಳೀತಿದ್ದಾಂವ, ಹಿಂಗಾಗಿ ನನಗಿದು ಮನಿ ಮಾತು.

ಒಂದ ಹಳಿ ಇರೂ ದಾರಿಯೊಳಗ ಎದುರಾಎದುರು ಬರೂ ಎರಡು ಗಾಡಿ ದಾಟಬೇಕಂದ್ರ ಸ್ಟೇಷನ್‌ದಾಗ ಬಗಲಿಗೆ ಇನ್ನೊಂದು ಹಳಿ ಬೇಕು. ಅದು ಲೂಪ್. ಒಂದು ಗಾಡಿ ಅಲ್ಲಿ ಸರಿದು ನಿಂತ್ರ ಇನ್ನೊಂದು ಹಾದುಹೋಗತೈತಿ. ಹಳಿ ಕವಲಾಗೋ ಜಾಗಾ ಪಾಯಿಂಟ್. ಅಲ್ಲಿ ಚೂಪನ್ನ ಹಳಿ ನಾಲಿಗಿ ಎತ್ತಾಗ ಸರಿದಿರತೈತಿ, ಅದರ ಮ್ಯಾಲೆ ಗಾಡಿ ದಾರಿ. ಡ್ರೈವರ್ ಕೈಯಾಗೇನು ಸ್ಟೇರಿಂಗ್ ಇರೂದಿಲ್ಲ, ಅಂವಾ ಕೈಮರ ನಂಬಿ ಬರತಾನ.

ಈಗ ಅಸಲು ಮಾತು. ಕ್ಯಾಬಿನ್ನಿನ್ಯಾಗ ಲಿವರ್‌ಗೋಳು ಸಾಲಾಗಿ ನಿಂತಿರತಿದ್ವು. ಪಾಯಿಂಟಿಂದು ಕರೀದು, ಅದರ ಲಾಕಿಂದು ನೀಲಿ, ಕೈಮರದ್ದು ಕೆಂಪು. ಮೊದಲ ಕರೀದು ಎಳದು ನಾಲಿಗಿ ತಿರುಗಿಸಬೇಕು, ಆಮ್ಯಾಲೆ ನೀಲಿ ಎಳದು ಅದನ್ನ ಲಾಕ್ ಮಾಡಬೇಕು, ಕಡೀಕ ಕೆಂಪು. ಮೊದಲ ಕೆಂಪಿಗೆ ಕೈ ಹಾಕಿದ್ರ ಪೈಲವಾನ ಬಂದ್ರೂ ಅಲ್ಲಾಡೂದಿಲ್ಲ. ಲಿವರ್ ಕೆಳಗ ಕಚ್ಚು ಕೊರದ ಕಬ್ಬಿಣದ ಪಟ್ಟಿ ಇರತಾವ, ಒಂದು ಸರಿಯೂ ತನಕ ಇನ್ನೊಂದನ್ನ ಹಿಡದಿರತಾವ. ಕೈಮರ ಬಿದ್ದ ಮ್ಯಾಲಂತೂ ಪಾಯಿಂಟ್ ಮುಟ್ಟಾಕ ಬರೂದಿಲ್ಲ. ಎದುರಿನ ಗಾಡಿಗೆ ಅದ ಹಳಿ ಮ್ಯಾಲೆ ಕರೆಯೋ ಕೈಮರಾನೂ ಕಟ್ಟಿಹಾಕಿರತೈತಿ. ಒಳಮುಚ್ಚಳದ ಕುಕ್ಕರ್ ಇಲ್ಲೇನು, ಉಗಿ ಇರೂ ತನಕ ನಾವು ಎಷ್ಟ ಅವಸರ ಮಾಡಿದ್ರೂ ಬಾಯಿ ಬಿಡೂದಿಲ್ಲ, ಹಂಗ.

ಒಮ್ಮೆ ಮಳಿಗಾಲದಾಗ ರಾತ್ರಿ ನೀಲಿ ಲಿವರ್ ಪೂರ್ತಿ ಬೀಳಲಿಲ್ಲಂತ. ಹೊರಗ ಗಾಡಿ ನಿಂತು ಸೀಟಿ ಹೊಡೀತಿತ್ತು, ಕೈಮರ ಬೀಳವಲ್ದು. ಅಪ್ಪ ಕಂದೀಲು ಹಿಡಕೊಂಡು ಹೋಗಿ ನೋಡಿದ್ರ ನಾಲಿಗಿ ಸಂದ್ಯಾಗ ಒಂದು ಜಲ್ಲಿಕಲ್ಲು. ನಾಲಿಗಿ ಹಳಿಗೆ ಪೂರ್ತಿ ಅಂಟಲಿಲ್ಲಂದ್ರ ಲಾಕಿನ ಕಬ್ಬಿಣ ತನ್ನ ತೂತಿನ್ಯಾಗ ಹೋಗೂದಿಲ್ಲ. ಈಗ್ಲೂ 5 ಮಿಲಿಮೀಟರ್ ದಪ್ಪದ ತುಂಡು ಸಂದ್ಯಾಗ ಇಟ್ಟು ಪರೀಕ್ಷೆ ಮಾಡತಾರ, ಅಷ್ಟ ಸಂದಿ ಇದ್ರೂ ಲಾಕ್ ಆಗಬಾರದು. ಅವತ್ತ ಗಾಡಿಯೊಳಗ ಕುಂತವರು ಎಷ್ಟ ಬೈದರೋ ಏನೋ.

ಎರಡು ಸ್ಟೇಷನ್ ನಡುವಿನ ಹಳಿಗೆ ಬ್ಯಾರೆ ಕಾವಲು. ಎರಡೂ ಕಡೆ ಒಂದೊಂದು ಡಬ್ಬಿ, ಒಳಗ ಕಬ್ಬಿಣದ ಗುಂಡು. ಒಂದು ಗುಂಡು ಹೊರಗ ಬಂತಂದ್ರ ಅದು ವಾಪಸ್ ಡಬ್ಬಿ ಸೇರೂ ತನಕ ಎರಡೂ ಕಡೆ ಇನ್ನೊಂದು ಬರೂದಿಲ್ಲ. ಗುಂಡು ಕೈಯಾಗಿದ್ದ ಡ್ರೈವರ್‌ಗಷ್ಟ ದಾರಿ. ಬೆತ್ತದ ಬಳಿಯೊಳಗ ಕಟ್ಟಿ ಓಡೂ ಗಾಡಿಗೆ ಕೊಡತಿದ್ರು, ನೋಡಾಕ ನಾವು ಹುಡುಗುರು ಬೇಲಿ ಹತ್ರ ನಿಲ್ಲತಿದ್ವಿ.

ಈಗ ಬಟನ್ನು, ಕಂಪ್ಯೂಟರು. 2023ರ ಜೂನ್ 2ಕ್ಕ ಒಡಿಶಾದ ಬಾಹಾನಗಾ ಬಜಾರ್‌ದಾಗ ಕೋರಮಂಡಲ್ ಗಾಡಿಗೆ ನೆಟ್ಟಗ ಹೋಗು ಅಂತ ಹಸಿರು ಬಿದ್ದಿತ್ತು, ಆದ್ರ ನಾಲಿಗಿ ಲೂಪಿನ ಕಡೆ ಇತ್ತು. ಲೂಪಿನ್ಯಾಗ ನಿಂತಿದ್ದ ಗೂಡ್ಸ್ ಗಾಡಿಗೆ ಹೋಗಿ ಹೊಡೀತು. ಉರುಳಿದ ಡಬ್ಬಿಗೋಳು ನಮ್ಮ ಬೆಂಗಳೂರಿಂದ ಹೌರಾಕ್ಕ ಹೊಂಟಿದ್ದ ಗಾಡಿಯ ಹಿಂದಿನ ಡಬ್ಬಿಗೂ ಬಡದ್ವು. 290ಕ್ಕೂ ಹೆಚ್ಚು ಜೀವ ಹೋದ್ವು. ಟಿವಿಯೊಳಗ ಮೊದಲ ದಿನಾನ ಡ್ರೈವರಂದ ತಪ್ಪು, ಮಾಸ್ತರಂದ ತಪ್ಪು ಅಂತ ಸುರು ಹಚ್ಚಿದ್ರು. ತನಿಖಿಯೊಳಗ ಹೊರಗ ಬಂದದ್ದು ಬ್ಯಾರೆನ: ಸಿಗ್ನಲ್ ವೈರಿನ ಜೋಡಣಿ ಬದಲು ಮಾಡುವಾಗ ತಪ್ಪಾಗಿತ್ತು. ಪಾಯಿಂಟ್ ಎತ್ತಾಗ ಐತಿ ಅನ್ನೋ ಸುದ್ದೀನ ಸುಳ್ಳಾಗಿ ಸಿಗ್ನಲ್ಲಿಗೆ ಮುಟ್ಟಿತ್ತು. ವೈರು ಮುಟ್ಟಿದವರು ಹಳಿ ತನಕ ನಡಕೊಂಡು ಹೋಗಿ ನಾಲಿಗಿ ನೋಡಿ, ಪರೀಕ್ಷೆ ಮಾಡಿ, ಆಮ್ಯಾಲೆ ಗಾಡಿ ಬಿಡಬೇಕಿತ್ತು.

ಅಪ್ಪ ಅಷ್ಟೊತ್ತಿಗೆ ತೀರಿಕೊಂಡಿದ್ದ. ಇದ್ದಿದ್ರ "ನಾಲಿಗಿ ನೋಡಾಕ ಯಾರು ಹೋಗಿದ್ರು?" ಅಂತ ಮೊದಲ ಕೇಳತಿದ್ದ.