ಭರತದ ವೇಳೆ

2023ರ ಜುಲೈ ತಿಂಗಳಲ್ಲಿ ಮಗಳು, ಅಳಿಯ, ಹನ್ನೊಂದು ವರ್ಷದ ಮೊಮ್ಮಗ ಮತ್ತು ನಾನು ಅಮೆರಿಕದ ಮೇನ್ ರಾಜ್ಯದಲ್ಲಿರುವ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದೆವು. ಬಾಸ್ಟನ್ನಿನ ಸಮೀಪದ ಮಗಳ ಮನೆಯಿಂದ ಕಾರಿನಲ್ಲಿ ಐದಾರು ತಾಸಿನ ಹಾದಿ. ಊರಿಗೆ ಮರಳಿದ ಮೇಲೆ ಈ ಪ್ರವಾಸದ ಕುರಿತು ಬರೆಯಬೇಕೆಂದು ಎರಡು ಬಾರಿ ಕುಳಿತು ಎರಡು ಬಾರಿಯೂ ಎದ್ದುಬಿಟ್ಟೆ. ಕಾರಣ ಮುಂದೆ ತಿಳಿದೀತು.

ಅಕೇಡಿಯಾದ ಬಹುಭಾಗ ಇರುವುದು ಮೌಂಟ್ ಡೆಸರ್ಟ್ ಎಂಬ ದ್ವೀಪದಲ್ಲಿ. 1916ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಗಿ, 1919ರಲ್ಲಿ ಲಾಫಯೆಟ್ ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನವಾಗಿ, 1929ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇದರ ಅತ್ಯುನ್ನತ ಶಿಖರವಾದ ಕ್ಯಾಡಿಲಾಕ್ 1,530 ಅಡಿ ಮಾತ್ರ. ಕೊಡಚಾದ್ರಿಯನ್ನು ಏರಿದ ನನ್ನ ವಿದ್ಯಾರ್ಥಿಗಳು ನಕ್ಕಾರು. ಆದರೆ ಬೆಟ್ಟ ನೇರವಾಗಿ ಕಡಲಿನಿಂದಲೇ ಎದ್ದುನಿಂತಾಗ ಅಡಿಗಳ ಲೆಕ್ಕ ಬೇರೆಯೇ ಆಗುತ್ತದೆ. ಗುಲಾಬಿ ಛಾಯೆಯ ಗ್ರಾನೈಟ್ ಬಂಡೆಗಳನ್ನು ಹಿಮನದಿಗಳು ಉಜ್ಜಿ ಬೋಳಾಗಿಸಿವೆ. ಭೂಗೋಳದ ತರಗತಿಯಲ್ಲಿ ಇಪ್ಪತ್ತೇಳು ವರ್ಷ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ಹಿಮನದಿಯ ಕೆಲಸವನ್ನು ಅರುವತ್ತು ದಾಟಿದ ಮೇಲೆ ಕೈಯಿಂದ ಮುಟ್ಟಿ ನೋಡಿದೆ.

ಮೊದಲ ಸಂಜೆಯೇ ನಕ್ಷೆಯನ್ನು ಹಾಸಿಗೆಯ ಮೇಲೆ ಹರಡಿ ಯಾವ ದಾರಿ ಹಿಡಿಯಬೇಕೆಂಬ ಚರ್ಚೆ ಆರಂಭವಾಯಿತು. ಮೊಮ್ಮಗನಿಗೆ ಕಬ್ಬಿಣದ ಮೆಟ್ಟಿಲುಗಳ ದಾರಿಯೇ ಬೇಕು. ಅಂಥವುಗಳಲ್ಲಿ ಅತಿ ಕಡಿದಾದ ಪ್ರೆಸಿಪಿಸ್ ಎಂಬುದು ಆಗ ಮುಚ್ಚಿತ್ತು. ಅಲ್ಲಿಯ ಕಡಿಬಂಡೆಗಳಲ್ಲಿ ಪೆರೆಗ್ರಿನ್ ಫಾಲ್ಕನ್ ಎಂಬ ಡೇಗೆಹಕ್ಕಿಗಳು ಗೂಡು ಕಟ್ಟುತ್ತವೆ. ವಸಂತದಿಂದ ಆಗಸ್ಟ್ ನಡುಭಾಗದವರೆಗೆ ಸಾಮಾನ್ಯವಾಗಿ ಮನುಷ್ಯರಿಗೆ ಪ್ರವೇಶವಿಲ್ಲ. ಡಿಡಿಟಿಯಿಂದಾಗಿ ಆ ಸೀಮೆಯಿಂದಲೇ ಮರೆಯಾಗಿದ್ದ ಈ ಹಕ್ಕಿಗಳು ಅಲ್ಲಿ ಮತ್ತೆ ಮರಿ ಮಾಡಿದ್ದು 1991ರಲ್ಲಿ. ಹಕ್ಕಿಯ ಬಾಣಂತನಕ್ಕಾಗಿ ಬೆಟ್ಟದ ದಾರಿಯನ್ನೇ ಮುಚ್ಚುವ ಸರ್ಕಾರವನ್ನು ಮೆಚ್ಚಿಕೊಂಡೆ. ಮೊಮ್ಮಗ ಮೆಚ್ಚಲಿಲ್ಲ. ಕೊನೆಗೆ ಬೀಹೈವ್ ಎಂಬ, ಸುಮಾರು ಐನೂರು ಅಡಿಯ ಬಂಡೆಗುಡ್ಡ ಅವನ ಪಾಲಿಗೆ ಬಂತು. ಅಲ್ಲಿಯೂ ಬಂಡೆಗೆ ಬಡಿದ ಕಬ್ಬಿಣದ ಹಿಡಿಗಳಿವೆ, ಪಕ್ಕಕ್ಕೆ ನೋಡಿದರೆ ತಲೆ ತಿರುಗುವ ಆಳವಿದೆ. ಏರಿದ ದಾರಿಯಲ್ಲೇ ಇಳಿಯದೆ ಹಿಂಬದಿಯಿಂದ ಇಳಿದು ಬರುವುದು ರೂಢಿ.

ಮರುದಿನ ತಂದೆ-ಮಗ ಬೀಹೈವ್ ಏರಿದರು. ನಾನು, ಮಗಳು ಸ್ಯಾಂಡ್ ಬೀಚಿನಿಂದ ಆಟರ್ ಪಾಯಿಂಟಿನವರೆಗೆ ಕಡಲಂಚಿನ ಓಷನ್ ಪಾತ್ ಹಿಡಿದೆವು. ಒಂದು ಕಡೆಗೆ ಎರಡು ಮೈಲಿಗಿಂತ ಸ್ವಲ್ಪ ಹೆಚ್ಚು. ಮರಳುವಾಗ ಮಂಡಿ ನೋವೆಂದರೆ ಉಚಿತ ಬಸ್ಸು ಉಂಟು. ನಮ್ಮ ವಯಸ್ಸಿನವರಿಗೆ ಆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ನನ್ನ ಅಭಿಪ್ರಾಯ. ಮೂರನೆಯ ದಿನ ಬೆಳಗ್ಗೆ ಬೇಗನೆದ್ದು ಜೋರ್ಡಾನ್ ಪಾಂಡ್ ಎಂಬ ಸರೋವರದ ದಡದಲ್ಲಿ ಸ್ವಲ್ಪ ದೂರ ನಡೆದೆವು. ಒಂದು ಪಾರ್ಶ್ವದಲ್ಲಿ ಜೌಗಿನ ಮೇಲೆ ಹಲಗೆ ಹಾಸಿದ್ದಾರೆ, ಅಡಿಕೆ ತೋಟದ ಸಂಕ ದಾಟಿದ ಕಾಲುಗಳಿಗೆ ಅದು ಹೊಸತಲ್ಲ. ಅಲ್ಲಿಂದ ಬಾರ್ ಹಾರ್ಬರ್ ಪಟ್ಟಣಕ್ಕೆ ಬಂದೆವು.

ಪಟ್ಟಣದ ಎದುರಿಗೆ ಬಾರ್ ಐಲೆಂಡ್ ಎಂಬ ಪುಟ್ಟ ದ್ವೀಪವಿದೆ. ಅದಕ್ಕೆ ಸೇತುವೆಯಿಲ್ಲ. ಇಳಿತದ ವೇಳೆ ಕಡಲು ಹಿಂದೆ ಸರಿದು ಜಲ್ಲಿಕಲ್ಲಿನ ದಿಬ್ಬವೊಂದು ದಾರಿಯಾಗಿ ಮೇಲೇಳುತ್ತದೆ. ಇಳಿತದ ಹಿಂದೆ ಒಂದೂವರೆ ತಾಸು, ಮುಂದೆ ಒಂದೂವರೆ ತಾಸು, ಇಷ್ಟೇ ಅವಕಾಶ. ನಮ್ಮ ಕಾರವಾರ, ಗೋಕರ್ಣಗಳಲ್ಲಿ ಭರತ-ಇಳಿತಗಳ ಅಂತರ ದೊಡ್ಡ ದಿನಗಳಲ್ಲಿ ಆರೇಳು ಅಡಿಯಾದರೆ ಅಲ್ಲಿ ಹತ್ತು ಹನ್ನೆರಡು ಅಡಿ. ಹೊತ್ತು ಮೀರಿದವರು ಮುಂದಿನ ಇಳಿತದವರೆಗೆ ಸುಮಾರು ಒಂಬತ್ತು ತಾಸು ದ್ವೀಪದಲ್ಲೇ ಉಳಿಯಬೇಕು.

ಅಂದು ಇಳಿತ ಹತ್ತೂವರೆಗೆ. ನಾವು ದಿಬ್ಬದ ಬಳಿ ತಲುಪಿದಾಗ ಹನ್ನೊಂದು ಇಪ್ಪತ್ತು. ದ್ವೀಪದ ನೆತ್ತಿಗೆ ಹೋಗಿಬರಲು ಸುಮಾರು ಎರಡು ಮೈಲಿ. ದಾರಿಯ ಮೇಲೆ ಇನ್ನೂ ಜನರಿದ್ದರು, ಮಕ್ಕಳಿದ್ದರು, ನಾಯಿಗಳಿದ್ದವು. "ನಲವತ್ತು ನಿಮಿಷ ಇದೆಯಲ್ಲ ಅತ್ತೆ, ಆಚೆ ದಡ ಮುಟ್ಟಿ ವಾಪಸು ಬಂದುಬಿಡೋಣ" ಎಂದ ಅಳಿಯ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಮೊಮ್ಮಗನ ರಟ್ಟೆ ಹಿಡಿದು ನಿಂತುಬಿಟ್ಟೆ. ಬೇಡ ಎಂದೆ. ಇನ್ನೊಮ್ಮೆ ಕೇಳಿದಾಗ ಗಟ್ಟಿಯಾಗಿ, ತರಗತಿಯ ದನಿಯಲ್ಲಿ, ಬೇಡ ಎಂದೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಹುಡುಗನ ರಟ್ಟೆಯ ಮೇಲೆ ನನ್ನ ಬೆರಳಿನ ಗುರುತು ಮೂಡಿತ್ತು.

"ಅಮ್ಮಾ, ಏನಾಯಿತು ನಿನಗೆ?" ಎಂದು ಮಗಳು ಕೇಳಿದಳು. ಅವಳಿಗೂ ಹೇಳಿರದಿದ್ದ ಸಂಗತಿಯನ್ನು ಅಲ್ಲಿಯ ಕಟ್ಟೆಯ ಮೇಲೆ ಕುಳಿತು ಹೇಳಿದೆ.

1989ರ ಜನವರಿಯಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಗೋಕರ್ಣಕ್ಕೆ ಕರೆದೊಯ್ದಿದ್ದೆವು. ಘಟ್ಟದ ಮೇಲಿನ ಮಕ್ಕಳು. ಹಲವರಿಗೆ ಅದೇ ಮೊದಲ ಕಡಲು. ಕುಡ್ಲೆಯಿಂದ ಓಂ ತೀರಕ್ಕೆ ಗುಡ್ಡದ ಮೇಲಿನ ದಾರಿಯಿದೆ. ಬಿಸಿಲು ಏರಿತ್ತು. ಕೆಳಗೆ ಬಂಡೆಗಳ ಅಂಚಿನಲ್ಲಿ ಸುತ್ತಿ ಹೋದರೆ ನೆರಳು, ಕಡಲ ಜೀವಿಗಳನ್ನೂ ತೋರಿಸಬಹುದು ಎಂದುಕೊಂಡೆ. ಜೊತೆಗಿದ್ದ ಮಾಸ್ತರರು ಗುಡ್ಡದ ದಾರಿಯೇ ಲೇಸೆಂದು ಒಂದಷ್ಟು ಮಕ್ಕಳೊಡನೆ ಮೇಲೆ ಹೋದರು. ನನ್ನ ಹಿಂದೆ ಹದಿನಾಲ್ಕು ಮಕ್ಕಳು. ಬಲೆ ಹೆಣೆಯುತ್ತ ಕುಳಿತಿದ್ದ ಮುದುಕನೊಬ್ಬ ಕೈಯೆತ್ತಿ ಏನೋ ಕೂಗಿದ. ದೋಣಿಗೆ ಕರೆಯುತ್ತಿದ್ದಾನೆ, ಹಣಕ್ಕಾಗಿ, ಎಂದು ಭಾವಿಸಿ ನಡೆದೆ. ಭರತ ಏರುತ್ತಿದೆಯೆಂದು ಅವನು ಹೇಳುತ್ತಿದ್ದ. ಭರತವನ್ನು ಪಾಠ ಮಾಡುತ್ತಿದ್ದವಳು ನಾನು.

ಅರ್ಧ ದಾರಿಯಲ್ಲಿ ನೀರು ಬಂಡೆಗಳ ನಡುವೆ ನುಗ್ಗಿತು. ಒಬ್ಬಳ ಕಾಲು ಜಾರಿ ಸಂದಿನಲ್ಲಿ ಸಿಕ್ಕಿತು. ಅದೇ ಮುದುಕ ಇಬ್ಬರನ್ನು ಕೂಡಿಕೊಂಡು ಹಗ್ಗದೊಂದಿಗೆ ಬಾರದಿದ್ದರೆ ಏನಾಗುತ್ತಿತ್ತೋ. ದೋಣಿಯ ಹುಟ್ಟಿಗೆ ಪಂಚೆ ಕಟ್ಟಿದ ಜೋಳಿಗೆಯಲ್ಲಿ ಅವಳನ್ನು ಗುಡ್ಡ ಹತ್ತಿಸಿದರು. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು. ಆ ವರ್ಷ ಅವಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲಿಲ್ಲ. ಮುಂದಿನ ಪರೀಕ್ಷೆಗೆ ಕೂರಿಸೋಣವೆಂದು ಮಳೆಗಾಲದಲ್ಲಿ ಅವರ ಮನೆಗೆ ಹೋದೆ. ಮದುವೆ ನಿಶ್ಚಯವಾಗಿತ್ತು. ಕಾಲು ಸ್ವಲ್ಪ ಎಳೆಯುತ್ತಿದ್ದುದರಿಂದ ಬಂದ ಸಂಬಂಧವನ್ನು ಬಿಡಬಾರದೆಂದು ಹಿರಿಯರ ಅಭಿಪ್ರಾಯ. ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆಯುತ್ತಿದ್ದ ಹುಡುಗಿ ನನಗೆ ಚಹಾ ತಂದುಕೊಟ್ಟಳು. ಏನೂ ಮಾತಾಡಲಿಲ್ಲ.

ಇನ್ನೊಂದು ಮಾತಿದೆ. ಅವಘಡದ ಕುರಿತು ವರದಿ ಕೊಡಬೇಕಾಗಿತ್ತು. ವಿದ್ಯಾರ್ಥಿನಿಯು ಶಿಕ್ಷಕಿಯ ಮಾತನ್ನು ಮೀರಿ ಬಂಡೆಗಳಿಗೆ ಇಳಿದಳೆಂದು ಬರೆದರೆ ಕೆಲಸ ಉಳಿಯುತ್ತದೆಂದು ಹಿತೈಷಿಗಳೊಬ್ಬರು ಸೂಚಿಸಿದರು. ಹಾಗೆಯೇ ಬರೆದು ಸಹಿ ಹಾಕಿದೆ. ಅವಳು ಮಾತು ಮೀರಿರಲಿಲ್ಲ. ನಾನು ಕರೆದಲ್ಲಿಗೆ ಬಂದಿದ್ದಳು.

ಕೇಳಿ ಮುಗಿದ ಮೇಲೆ ಅಳಿಯ ಸುಮ್ಮನಿದ್ದ. ಮೊಮ್ಮಗ ಮಾತ್ರ, "ಆಮೇಲೆ ನೀವು ಸಾರಿ ಹೇಳಿದಿರಾ ಅಜ್ಜಿ?" ಎಂದ. ಇಲ್ಲವೆಂದೆ. ಅಷ್ಟು ಹೊತ್ತಿಗೆ ದಿಬ್ಬದ ನಡುಭಾಗದಲ್ಲಿ ನೀರು ಎರಡು ಕಡೆಯಿಂದಲೂ ಸೇರತೊಡಗಿತ್ತು. ಕೊನೆಯ ಕೆಲವರು ಚಪ್ಪಲಿ ಕೈಯಲ್ಲಿ ಹಿಡಿದು ನಗುತ್ತ ಓಡಿಬಂದರು.

ಭರತ-ಇಳಿತಗಳ ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ, ಚಂದ್ರನ ಕಾರಣದಿಂದ. ಆದ್ದರಿಂದ ಮರುದಿನ ಇಳಿತ ಹನ್ನೊಂದು ಇಪ್ಪತ್ತಕ್ಕೆ. ಹೊರಡುವ ದಿನವಾದರೂ ಹತ್ತು ಗಂಟೆಗೆಲ್ಲ ದಿಬ್ಬ ದಾಟಿ ದ್ವೀಪದ ನೆತ್ತಿಗೆ ಹೋಗಿ, ಪಟ್ಟಣವನ್ನೂ ಅದರ ಹಿಂದಿನ ಬೆಟ್ಟಗಳ ಸಾಲನ್ನೂ ನೋಡಿ, ಹನ್ನೊಂದೂವರೆಯೊಳಗೆ ಹಿಂದಿರುಗಿದೆವು. ಮೊಮ್ಮಗ ದಾರಿಯುದ್ದಕ್ಕೂ ಗಡಿಯಾರ ನೋಡಿ ನನಗೆ ಹೊತ್ತು ತಿಳಿಸುತ್ತಿದ್ದ.

1989ರ ತಂಡದವರಲ್ಲಿ ಕೆಲವರು ಈ ಪುಟವನ್ನು ಓದುವಿರಿ. ಯಾರ ವಿಷಯವೆಂದು ನಿಮಗೆ ಗೊತ್ತು. ಹೆಸರನ್ನು ಇಲ್ಲಿ ಬರೆಯಬೇಡಿ. ಅವಳನ್ನು ಕೊಟ್ಟದ್ದು ಯಲ್ಲಾಪುರದ ಕಡೆಗೆ ಎಂದಷ್ಟೇ ನನಗೆ ನೆನಪು. ಈಗ ಎಲ್ಲಿದ್ದಾಳೆಂದು ಬಲ್ಲವರು ದಯವಿಟ್ಟು ನನ್ನ ಮನೆಗೆ ಫೋನ್ ಮಾಡಿ. ಬೆಳಗ್ಗೆ ಹತ್ತರ ಮೇಲೆ ಮನೆಯಲ್ಲೇ ಇರುತ್ತೇನೆ.